ತೋಟಕ್ಕೊಂದು ರೈಫಲ್, ಹೆಬ್ಬೆರಳಿಗೊಂದು ಸುಳ್ಳು

ರೈಫಲ್ ಬೇಕೆಂದು ಅರ್ಜಿ ಹಾಕಿದಾಗ, ಬಲಗೈ ಹೆಬ್ಬೆರಳು ನೋಯುತ್ತದೆ ಎಂದು ಪೊಲೀಸರಿಗೆ ಬರೆದುಕೊಟ್ಟಿದ್ದೆ. ನೋಯುತ್ತಿರಲಿಲ್ಲ. ಇವತ್ತಿಗೂ ನೋಯುವುದಿಲ್ಲ. ಎಪ್ಪತ್ತೊಂದರ ಈ ಮೈಯಲ್ಲಿ ನೋವಿಲ್ಲದ ಕೀಲು ಹುಡುಕಿದರೆ ಸಿಗುವುದು ಅದೊಂದೇ. ಆ ಒಂದು ಸಾಲು ಎಲ್ಲಿಂದ ಬಂತು, ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಇಂಗ್ಲೆಂಡಿನ ಕೊವೆಂಟ್ರಿಯ ಕಾರ್ಖಾನೆಯೊಂದರ, ಅಚ್ಚು ಉಪಕರಣ ತಯಾರಿಸುವ ಟೂಲ್‌ರೂಮಿನಿಂದ ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿಯೂ ಲಫ್‌ಬರೋ ಹತ್ತಿರ ಒಂದು ಹಳೆಯ ಕಾಟೇಜು, ಅದಕ್ಕೆ ಸೇರಿದ ಮೂರು ಎಕರೆ ಬಾಡಿಗೆಗೆ ಹಿಡಿದೆವು. ಹೊರಗೆ ಮೆಂತ್ಯ, ಕೊತ್ತಂಬರಿ, ಮೂಲಂಗಿ. ಪಾಲಿಟನಲ್ ಎಂಬ ಪ್ಲಾಸ್ಟಿಕ್ ಹೊದಿಕೆಯ ಚಪ್ಪರದೊಳಗೆ ಪುಂಡಿಪಲ್ಲೆ, ಹಸಿಮೆಣಸಿನಕಾಯಿ. ಬೆಳಗಾವಿ, ಧಾರವಾಡ ಕಡೆಯ ಡಾಕ್ಟರರ ಮನೆಗಳವರು ಶನಿವಾರ ಕಾರು ತಂದು ಒಯ್ಯುತ್ತಿದ್ದರು; ಯೂನಿವರ್ಸಿಟಿಯಲ್ಲಿ ಓದುವ ನಮ್ಮ ಕಡೆಯ ಮಕ್ಕಳು ಬಸ್ಸಿನಲ್ಲಿ ಬಂದು ಒಂದೊಂದು ಕಟ್ಟು ಕೇಳುತ್ತಿದ್ದರು.

ಮೂರನೆಯ ವಸಂತದಲ್ಲಿ ಮೊಲಗಳು ಬಂದವು. ಮೆಂತ್ಯದ ಸಾಲುಗಳನ್ನು ಕತ್ತರಿಯಲ್ಲಿ ಕತ್ತರಿಸಿದಷ್ಟು ಚೊಕ್ಕಟವಾಗಿ ತಿಂದು ಹೋಗುತ್ತಿದ್ದವು. ತಂತಿಬಲೆ ಹಾಕಿ, ಅದರ ಅಂಚನ್ನು ಒಂದು ಮೊಳ ನೆಲದೊಳಗೆ ಹೂತೆ. ಅವು ಒಂದೂವರೆ ಮೊಳ ತೋಡಿದವು. ಅವುಗಳ ಬಿಲಗಳಿದ್ದದ್ದು ನಮ್ಮ ನೆಲದಲ್ಲಲ್ಲ, ಗೇಟಿನಾಚೆ, ಪಕ್ಕದ ಕುರಿ ಫಾರ್ಮಿನ ದಿಬ್ಬದಲ್ಲಿ. ಆ ಫಾರ್ಮು ನಡೆಸುವವರು ಒಬ್ಬ ಇಂಗ್ಲಿಷ್ ಹೆಂಗಸು, ನನ್ನ ವಾರಿಗೆಯವರು, ಒಬ್ಬರೇ ಇನ್ನೂರು ಕುರಿ ನೋಡಿಕೊಳ್ಳುವವರು. ನನ್ನ ಹೆಂಡತಿ ಅವರಿಗೆ ಕುರಿಯವ್ವ ಎಂದು ಹೆಸರಿಟ್ಟಿದ್ದಳು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ದಿಬ್ಬದಲ್ಲಿ ಗುಂಡು ಹಾರಿಸಲು ಅವರ ಒಪ್ಪಿಗೆ ಬೇಕಿತ್ತು. ಅವರು ಕೊಟ್ಟರು. ಆದರೆ ಮೊದಲು ಕಲಿಯಿರಿ, ಆಮೇಲೆ ಕೊಳ್ಳಿ ಎಂದರು.

ಕಲಿಯುವುದು ನನಗೆ ಯಾವತ್ತೂ ಇಷ್ಟ. ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ, ಆದರೆ ಒಂದು ಯಂತ್ರ ಕೈಗೆ ಸಿಕ್ಕರೆ ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ತನಕ ಊಟ ಸೇರುವುದಿಲ್ಲ. ಬಂದೂಕಿನಲ್ಲಿ ಇಷ್ಟು ಬಗೆಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಏರ್‌ಗನ್ನಿಗೆ ಇಲ್ಲಿ ಲೈಸೆನ್ಸ್ ಬೇಡ, ಆದರೆ ಮೂವತ್ತು ಗಜ ದಾಟಿದರೆ ಮೊಲಕ್ಕೆ ನೋವು ಕೊಡುತ್ತದೆ, ಸಾವು ಕೊಡುವುದಿಲ್ಲ. ಶಾಟ್‌ಗನ್ ಸದ್ದಿಗೆ ಇನ್ನೂರು ಕುರಿಯೂ ಬೇಲಿಗೆ ನುಗ್ಗುತ್ತವೆ. ಉಳಿದದ್ದು ಪಾಯಿಂಟ್ ಟೂಟೂ ರೈಫಲ್: ಪೆನ್ಸಿಲಿಗಿಂತ ತೆಳ್ಳನೆಯ ತೋಟಾ, ಮೂತಿಗೆ ಸದ್ದಡಗಿಸುವ ಕೊಳವೆ, ನಿಧಾನ ಹೋಗುವ ಗುಂಡು ಹಾಕಿದರೆ ಬಾಗಿಲು ಮುಚ್ಚಿದಷ್ಟೇ ಶಬ್ದ. ಅದರಲ್ಲಿ ಎರಡು ಜಾತಿ. ಬೋಲ್ಟ್ ರೈಫಲ್ಲಿನಲ್ಲಿ ಪ್ರತಿ ಗುಂಡಿಗೂ ಹಿಡಿಯನ್ನು ಕೈಯಿಂದ ಎತ್ತಿ, ಹಿಂದೆಳೆದು, ಮುಂದೆ ತಳ್ಳಬೇಕು. ಸೆಮಿ ಆಟೊಮ್ಯಾಟಿಕ್ಕಿನಲ್ಲಿ ಕುದುರೆಯನ್ನು, ಅಂದರೆ ಟ್ರಿಗರನ್ನು, ಎಳೆದರೆ ಸಾಕು; ಖಾಲಿ ತೋಟಾ ತಾನೇ ಹೊರಗೆ ಹಾರುತ್ತದೆ, ಹೊಸದು ತಾನೇ ಒಳಗೆ ಕೂರುತ್ತದೆ. ಈ ದೇಶದಲ್ಲಿ ಅಂಥ ರೈಫಲ್ಲಿಗೆ ಅನುಮತಿಯಿರುವುದು ಈ ಸಣ್ಣ ತೋಟಾದಲ್ಲಿ ಮಾತ್ರ.

ಕುರಿಯವ್ವನದು ಬೋಲ್ಟ್ ರೈಫಲ್. ಅವರು ಪಕ್ಕದಲ್ಲಿ ನಿಂತು ನನ್ನಿಂದ ಕಾಗದದ ತಟ್ಟೆಗಳಿಗೆ ಹೊಡೆಸಿದರು. ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ಹೊಡೆಯಬಾರದು, ಈ ಗುಂಡು ಕಲ್ಲಿಗೆ ತಾಗಿದರೆ ಎಲ್ಲಿಗೆ ಪುಟಿಯುತ್ತದೆಂದು ದೇವರಿಗೂ ಗೊತ್ತಿಲ್ಲ ಎಂದರು. ಐವತ್ತು ಗಜಕ್ಕೆ ಗುರಿ ನೋಡುವ ದುರ್ಬೀನು, ಸ್ಕೋಪ್, ಹೊಂದಿಸಿದರೆ ಎಪ್ಪತ್ತಕ್ಕೆ ಗುಂಡು ಎಷ್ಟು ಇಳಿಯುತ್ತದೆಂದು ನಾನೇ ಅಳೆದು ಗೆರೆ ಹಾಕಿ ನೋಡಿದೆ. ಬಹಳ ಸಂತೋಷದ ದಿನಗಳು ಅವು.

ಒಂದು ಸಂಜೆ ಅವರು ಒಂದು ಮೊಲ ಹೊಡೆದರು. ಅದು ಕೂತಲ್ಲೇ ಬಿತ್ತು. ಅವರು ಸ್ವಲ್ಪ ಹೊತ್ತು ಸ್ಕೋಪಿನಲ್ಲಿ ನೋಡುತ್ತಲೇ ಇದ್ದು, ರೈಫಲ್ ಖಾಲಿ ಮಾಡಿ, ನನ್ನನ್ನು ಕರೆದುಕೊಂಡು ನಡೆದರು. ಜೀವ ಇನ್ನೂ ಇದೆಯೇ ಎಂದು ಮೊಲದ ಕಣ್ಣಿಗೆ ಹುಲ್ಲಿನ ಎಳೆ ಮುಟ್ಟಿಸಿ ನೋಡಿದರು. ಕಾಲು ಹಿಡಿದೆತ್ತಿ, ಮಾಂಸ ಕೆಡದ ಹಾಗೆ ಹೊಟ್ಟೆ ಒತ್ತಿ ಮೂತ್ರ ಹಿಂಡಿ, ನನ್ನ ಕಡೆಗೆ ಚಾಚಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವನಲ್ಲ, ಕೊರಳಲ್ಲಿ ಲಿಂಗವಿದೆ. ಅವರು ಒತ್ತಾಯ ಮಾಡಲಿಲ್ಲ. ಬೇಕಾದರೆ ಸತ್ತವನ್ನು ತಾವೇ ಬೆಳಿಗ್ಗೆ ಬಂದು ಒಯ್ಯುವುದಾಗಿ, ಮನೆಗೂ ನಾಯಿಗೂ ಆಗುತ್ತದೆಂದು ಹೇಳಿದರು. ಆದರೆ ಒಂದು ನಿಯಮ ಹಾಕಿದರು.

"ಒಯ್ಯುವುದು ನನ್ನ ಕೆಲಸ. ಹೋಗಿ ನೋಡುವುದು ಹೊಡೆದವರ ಕೆಲಸ. ಒಂದು ಗುಂಡು, ಒಂದು ನಡಿಗೆ."

ಸರಿ ಎಂದೆ. ಬೋಲ್ಟ್ ರೈಫಲ್ಲನ್ನೇ ಕೊಳ್ಳಿ ಎಂದೂ ಅವರು ಹೇಳಿದರು. ಕೈ ಕೆಲಸ ಮಾಡುವಷ್ಟು ಹೊತ್ತು ಕಣ್ಣಿಗೆ ನೋಡಲು ಸಮಯ ಸಿಗುತ್ತದಂತೆ. ಅದಕ್ಕೆ ಮಾತ್ರ ನಾನು ಸರಿ ಎನ್ನಲಿಲ್ಲ. ಅಂಗಡಿಯಲ್ಲಿ ಸೆಮಿ ಆಟೊಮ್ಯಾಟಿಕ್ ಬಿಚ್ಚಿ ತೋರಿಸಿದಾಗಲೇ ನನ್ನ ಮನಸ್ಸು ಅದರ ಮೇಲೆ ಕೂತಿತ್ತು. ಒಳಗೆ ತೋಟಾವನ್ನು ಬಿಗಿದು ಹಿಡಿಯುವ ಬೀಗವೇ ಇಲ್ಲ; ಒಂದು ಉಕ್ಕಿನ ತುಂಡಿನ ಭಾರ, ಒಂದು ಸ್ಪ್ರಿಂಗು, ಅಷ್ಟರಲ್ಲೇ ಎಲ್ಲ ನಡೆಯುತ್ತದೆ. ದಿಬ್ಬಕ್ಕೂ ಆಯಿತು, ಕೊಟ್ಟಿಗೆಯ ಇಲಿಗೂ ಆಯಿತು, ತಟ್ಟೆಗೆ ಗುರಿ ಹೊಡೆಯಲೂ ಆಯಿತು ಎಂದು ಅಂಗಡಿಯವನು ಹೇಳಿದ. ಅದೆಲ್ಲ ನಿಜ. ಆದರೆ ನಾನು ಅದನ್ನು ಆರಿಸಿದ್ದು ಆ ಕಾರಣಕ್ಕಲ್ಲ. ಪಾಲಿಟನಲ್ ಪಕ್ಕ ಮಲಗಿ, ಸ್ಕೋಪಿನಿಂದ ತಲೆ ಎತ್ತದೆ, ಒಂದು ನಿಮಿಷದಲ್ಲಿ ಎಲ್ಲ ಮುಗಿಸಿ, ಮನೆಗೆ ಬಂದು ಕೈ ತೊಳೆಯಬಹುದಿತ್ತು. ದಿಬ್ಬದ ಹತ್ತಿರ ಹೋಗುವ ಕೆಲಸವೇ ಇರುವುದಿಲ್ಲ. ಕೊಂದದ್ದು ಯಂತ್ರ, ಒಯ್ದದ್ದು ಕುರಿಯವ್ವ. ನಡುವೆ ನಾನು ಮಡಿಯಾಗಿಯೇ ಉಳಿಯುತ್ತೇನೆ.

ಇದನ್ನು ಅರ್ಜಿಯಲ್ಲಿ ಬರೆಯುವುದು ಹೇಗೆ? ಹೆಬ್ಬೆರಳು ನೋಯುತ್ತದೆ, ಬೋಲ್ಟ್ ಎಳೆಯಲಾಗುವುದಿಲ್ಲ ಎಂದು ಬರೆದೆ. ಕುರಿಯವ್ವನಿಗೂ ಅದನ್ನೇ ಹೇಳಿದೆ. ವಾರವಿಡೀ ತಮ್ಮ ಬೋಲ್ಟನ್ನು ನಾನು ಎಳೆದದ್ದನ್ನು ಅವರೇ ನೋಡಿದ್ದರು. ಹೌದಾ ಎಂದರು, ಅಷ್ಟೇ. ನಂಬಬಹುದಾದವನು ಎಂದು ನನ್ನ ಪರವಾಗಿ ಪೊಲೀಸರಿಗೆ ಮಾತು ಕೊಟ್ಟ ಇಬ್ಬರಲ್ಲಿ ಅವರೂ ಒಬ್ಬರು.

ತಿಂಗಳುಗಟ್ಟಲೆ ಕಾಯಬೇಕಾಯಿತು. ನಮ್ಮ ಜಿಪಿ ಡಾಕ್ಟರು ನನ್ನ ತಲೆ, ಎದೆ, ಮನಸ್ಸು ಎಲ್ಲ ಸರಿಯಿದೆ ಎಂದು ಬರೆದುಕೊಟ್ಟರು. ಹೆಬ್ಬೆರಳನ್ನು ಯಾರೂ ಕೇಳಲಿಲ್ಲ. ರೈಫಲ್ ಇಡುವ ಉಕ್ಕಿನ ಪೆಟ್ಟಿಗೆಯನ್ನು ಗಟ್ಟಿ ಗೋಡೆಗೆ ಬೋಲ್ಟ್ ಹಾಕಿ ಬಿಗಿಯಬೇಕಿತ್ತು. ಕಾಟೇಜಿನ ಒಳಗೋಡೆಗಳು ಬೆರಳಲ್ಲಿ ಬಡಿದರೆ ಡಬ್ಬಿಯ ಹಾಗೆ ಸದ್ದು ಮಾಡುವಂಥವು. ಇಟ್ಟಿಗೆಯಿದ್ದದ್ದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಾತ್ರ, ಅಲ್ಲಿ ನನ್ನ ಹೆಂಡತಿಯ ದೇವರ ಜಗಲಿ ಇತ್ತು. ಎರಡು ದಿನ ನಾನು ಬಾಯಿ ಬಿಡಲಿಲ್ಲ. ಮೂರನೆಯ ದಿನ ಅವಳೇ ಗೋಡೆ ಬಡಿದು ನೋಡಿ ತೀರ್ಪು ಕೊಟ್ಟಳು.

"ದೇವ್ರು ಮ್ಯಾಲ ಇರ್ಲಿ, ಬಂದೂಕ ಕೆಳಗ ಇರ್ಲಿ. ದೇವ್ರ ಕಣ್ಣಾಗರ ಇರ್ತೈತಿ."

ತನಿಖೆಗೆ ಬಂದ ಅಧಿಕಾರಿ ಮೆತ್ತಗೆ ಮಾತಾಡುವ ಮನುಷ್ಯ. ಜಗಲಿ ಕಂಡು ಕೇಳದೆಯೇ ಬೂಟು ಬಿಚ್ಚಿದರು. ಪೆಟ್ಟಿಗೆಯನ್ನು ಎರಡು ಕೈಯಿಂದ ಜಗ್ಗಿದರು. ಮೇಲಿದ್ದ ಗಂಟೆ ಸಣ್ಣಗೆ ನುಡಿಯಿತು, ಪೆಟ್ಟಿಗೆ ಅಲುಗಲಿಲ್ಲ. ಪೆಟ್ಟಿಗೆಯ ಕೀಲಿ ಎಲ್ಲಿದೆಯೆಂದು ಲೈಸೆನ್ಸಿದ್ದವನ ಹೊರತು ಮನೆಯಲ್ಲಿ ಯಾರಿಗೂ ಗೊತ್ತಿರಬಾರದು ಎಂಬುದು ನಿಯಮ. ನಿಮಗೆ ಗೊತ್ತೇ ಎಂದು ನನ್ನ ಹೆಂಡತಿಯನ್ನು ಕೇಳಿದರು. ನಲವತ್ತಾರು ವರ್ಷದಿಂದ ಮನೆಯ ಕೀಲಿಯೆಲ್ಲ ತನ್ನ ಹತ್ತಿರವೇ ಇವೆ, ಇದೊಂದನ್ನು ಮಾತ್ರ ಇವರು ಬಚ್ಚಿಟ್ಟಿದ್ದಾರೆ ಎಂದು ಅವಳು ಇಂಗ್ಲಿಷಿನಲ್ಲಿ ದೂರು ಕೊಟ್ಟಳು. ಅಧಿಕಾರಿಗೆ ಬಹಳ ಸಂತೋಷವಾಯಿತು. ಅವಳು ಚಹಾ ಕೊಡುತ್ತ ನನ್ನ ಕಿವಿಯ ಹತ್ತಿರ, "ಹಿಟ್ಟಿನ ಡಬ್ಬಿ ಬಿಟ್ಟು ಬ್ಯಾರೆ ಕಡೆ ಇಡ್ರಿ" ಎಂದಳು. ಅವರು ಹೋದ ಕೂಡಲೇ ಕೀಲಿಯ ಜಾಗ ಬದಲಿಸಿದೆ.

ಹೋಗುವ ಮೊದಲು ಅಧಿಕಾರಿ ಕೇಳಿದ ಕೊನೆಯ ಪ್ರಶ್ನೆ: ಸೆಮಿ ಆಟೊಮ್ಯಾಟಿಕ್ಕೇ ಯಾಕೆ? ನಾನು ಹೆಬ್ಬೆರಳನ್ನು ಎತ್ತಿ, ಸ್ವಲ್ಪ ಮುಖ ಹಿಂಡಿ ತೋರಿಸಿದೆ. ಅವರು ಬರೆದುಕೊಂಡರು. ನನ್ನ ಹೆಂಡತಿ ಕಪ್ಪು ಬಸಿ ತೊಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಅವತ್ತು ಬೆಳಿಗ್ಗೆ ಉಪ್ಪಿನಕಾಯಿ ಬಾಟಲಿಯ ಬಿಗಿ ಮುಚ್ಚಳ ತೆಗೆದುಕೊಟ್ಟವನು ನಾನೇ.

ರೈಫಲ್ ಬಂತು. ಬಂದ ಮೇಲೂ ತಕರಾರು ಮಾಡಿತು. ಸದ್ದಿಲ್ಲದ ನಿಧಾನ ತೋಟಾಕ್ಕೆ ಒಳಗಿನ ಉಕ್ಕಿನ ತುಂಡನ್ನು ಪೂರ್ತಿ ಹಿಂದಕ್ಕೆ ತಳ್ಳುವ ಬಲ ಸಾಲುತ್ತಿರಲಿಲ್ಲ. ಖಾಲಿ ತೋಟಾ ಅರ್ಧ ಹೊರಗೆ ಬಂದು ಬಾಗಿಲಲ್ಲಿ ಸೀರೆಯ ಸೆರಗು ಸಿಕ್ಕಿದ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ನಾನು ಟೂಲ್‌ರೂಮಿನ ಅಭ್ಯಾಸದಂತೆ ಮೂರು ಬಗೆಯ ತೋಟಾ ತಂದು, ಒಂದೊಂದರಲ್ಲಿ ಐವತ್ತು ಹೊಡೆದು ಬರೆದಿಟ್ಟೆ. ಮೊದಲನೆಯದು ನಾಲ್ಕು ಸಲ ಸಿಕ್ಕಿತು, ಎರಡನೆಯದು ಒಂಬತ್ತು ಸಲ, ಮೂರನೆಯದು ಒಂದು ಸಲವೂ ಇಲ್ಲ. ಆ ಸೊನ್ನೆಯನ್ನು ನೋಡಿ ಎಷ್ಟು ಹಿಗ್ಗಿದೆ ಎಂದರೆ, ಈ ಯಂತ್ರ ಇರುವುದು ಯಾತಕ್ಕೆ ಎಂಬುದೇ ಮರೆತುಹೋಗಿತ್ತು.

ಮರುವರ್ಷ ಜೂನ್ ತಿಂಗಳ ಒಂದು ಸಂಜೆ, ಬಿಸಿಲು ಇನ್ನೂ ದಿಬ್ಬದ ಮೇಲಿರುವಾಗ, ಮಲಗಿ ಗುರಿ ಹಿಡಿದೆ. ಎಂಟೋ ಒಂಬತ್ತೋ ಮೊಲಗಳಿದ್ದವು. ಮೊದಲನೆಯದು ಬಿತ್ತು. ಉಳಿದವು ಓಡದೆ ಕಿವಿ ನೆಟ್ಟಗೆ ಮಾಡಿ ಕೂತವು. ಸದ್ದು ಎಲ್ಲಿಂದ ಬಂತೆಂದು ಅವಕ್ಕೆ ತಿಳಿದಿರಲಿಲ್ಲ. ನಾನು ಮತ್ತೆ ಎಳೆದೆ, ಮತ್ತೆ ಎಳೆದೆ. ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ತಲೆ ಎತ್ತಿದಾಗ ದಿಬ್ಬ ಖಾಲಿ, ಹುಲ್ಲಿನಲ್ಲಿ ಕೆಲವು ಬೂದು ಗುಪ್ಪೆಗಳು. ನನ್ನ ಪಕ್ಕದಲ್ಲಿ ಖಾಲಿ ತೋಟಾಗಳು ಏಳು.

ಗೇಟು ಅರವತ್ತು ಹೆಜ್ಜೆ ದೂರದಲ್ಲಿತ್ತು. ಎದ್ದು ನಿಂತು ಅದರ ಕಡೆ ನೋಡಿದೆ. ಆಮೇಲೆ ಏಳು ತೋಟಾಗಳನ್ನು ಆಯ್ದು ಜೇಬಿಗೆ ಹಾಕಿಕೊಂಡು ಮನೆ ಕಡೆ ತಿರುಗಿದೆ. ಕುರಿಯವ್ವನಿಗೆ, ನಾಲ್ಕು ಬಿದ್ದಿವೆ ಎಂದು ಮೆಸೇಜು ಕಳಿಸಿದೆ. ಸ್ನಾನ ಮಾಡಿ, ಜಗಲಿಗೆ ಕೈ ಮುಗಿದು, ರೊಟ್ಟಿ ತಿಂದು ಮಲಗಿದೆ. ನಿದ್ದೆಯೂ ಚೆನ್ನಾಗಿಯೇ ಬಂತು. ಅದನ್ನೂ ಹೇಳಿಬಿಡಬೇಕು.

ಬೆಳಿಗ್ಗೆ ಏಳಕ್ಕೆ ಕುರಿಯವ್ವ ಬಕೆಟ್ ಹಿಡಿದು ಬಂದರು. ಯಾವಾಗಲೂ ಅಡುಗೆಮನೆ ಬಾಗಿಲಿಗೆ ಬರುವವರು ಅವತ್ತು ಅಂಗಳದಲ್ಲೇ ನಿಂತರು. ಮೂರು ಸತ್ತಿದ್ದವು, ನಾಲ್ಕನೆಯದು ಸತ್ತಿರಲಿಲ್ಲ ಎಂದರು. ಬೆನ್ನೆಲುಬಿಗೆ ಪೆಟ್ಟು ಬಿದ್ದು, ಹಿಂಗಾಲು ಎಳೆದುಕೊಂಡು ಬಿಲದ ಬಾಯಿಯ ತನಕ ಬಂದಿತ್ತಂತೆ, ಒಳಗೆ ಇಳಿಯಲು ಆಗಿರಲಿಲ್ಲವಂತೆ. ಅವರು ಅದನ್ನು ಮುಗಿಸಿದ್ದರು.

"ನಿನ್ನೆ ಹೋಗಿ ನೋಡಿದಿರಾ?" ಎಂದು ಕೇಳಿದರು.

"ನೋಡಿದೆ" ಎಂದೆ. "ಎಲ್ಲ ಸತ್ತ ಹಾಗೆಯೇ ಇದ್ದವು."

ಅವರು ಬಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿದರು. ಕುರಿಗಳಿಗೆ ನೀರು ಹಾಕಬೇಕು ಎಂದು ಹೊರಟುಹೋದರು.

ಅವತ್ತು ಮಧ್ಯಾಹ್ನ ತಟ್ಟೆಯ ಮುಂದೆ ಕೂತೆ, ಉಣ್ಣಲಾಗಲಿಲ್ಲ. ಜೇಬಿನ ಏಳು ತೋಟಾಗಳು ತೊಡೆಗೆ ಒತ್ತುತ್ತಿದ್ದವು. ಏಳರಲ್ಲಿ ನಾಲ್ಕು ಲೆಕ್ಕಕ್ಕೆ ಸಿಕ್ಕವು. ಉಳಿದ ಮೂರು ಮಣ್ಣಿಗೆ ಹೋದವೋ, ಇನ್ನೊಂದು ಮೊಲದ ಮೈಗೆ ಹೋದವೋ, ಅದು ಬಿಲದೊಳಗೆ ಇಳಿಯಿತೋ? ಇವತ್ತಿಗೂ ಗೊತ್ತಿಲ್ಲ. ನನ್ನ ಹೆಂಡತಿ ಎದುರು ಕೂತಳು. ನಾನು ಹೆಬ್ಬೆರಳಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೆರಳಿನದು ಆಗಲೇ ಗೊತ್ತೈತಿ ಎಂದಳು. ಕಡೆಗೆ ನಾನು, ನಮ್ಮಂಥವರು ಸತ್ತದ್ದನ್ನು ಮುಟ್ಟುವುದು ಹೇಗೆ, ಅದಕ್ಕೇ ಹೋಗಲಿಲ್ಲ ಎಂದೆ. ಅವಳು ಸಿಟ್ಟು ಮಾಡಲಿಲ್ಲ. ದನಿ ಏರಿಸಲೂ ಇಲ್ಲ.

"ನಮ್ಮಪ್ಪ ಹತ್ತಿಗಿ ಎಣ್ಣಿ ಹೊಡೀತಿದ್ದ. ಹುಳ ಸಾಯ್ತಿದ್ವು, ಪಾಪ ಅಂತಿದ್ದ, ಆದ್ರ ದಿನಾ ಹೊಲಕ್ಕ ಹೋಗಿ ನೋಡ್ತಿದ್ದ. ಲಿಂಗ ಕಟ್ಟಿದವ್ರಿಗೆ ಸೂತಕ ಇಲ್ಲಂತ ನೀವೇ ನನಗ ಹೇಳಿದ್ರಿ, ನಮ್ಮತ್ತಿ ತೀರಿಕೊಂಡಾಗ. ಸತ್ತ ಮನಷ್ಯಾರನ್ನ ಮುಟ್ಟಾಕ ಇಲ್ಲದ ಸೂತಕ, ನೀವ ಕೊಂದ ಮೊಲ ಮುಟ್ಟಾಕ ಎಲ್ಲಿಂದ ಬಂತ್ರಿ?"

ತಾಯಿಯ ದೇಹವನ್ನು ನಾನೇ ಕೂರಿಸಿ, ನಾನೇ ವಿಭೂತಿ ಹಚ್ಚಿದ್ದೆ. ನನಗೆ ಅಡ್ಡ ಬಂದದ್ದು ಧರ್ಮವಲ್ಲ. ಅಸಹ್ಯ, ಅದರ ಹಿಂದೆ ಅಂಜಿಕೆ. ಅದಕ್ಕೆ ಧರ್ಮದ ಅಂಗಿ ತೊಡಿಸಿದ್ದೆ, ಆಮೇಲೆ ಅದರ ಮೇಲೆ ಹೆಬ್ಬೆರಳಿನ ಪಟ್ಟಿ ಸುತ್ತಿದ್ದೆ.

ಸಂಜೆಯ ಮೊದಲೇ ಕುರಿಯವ್ವನ ಕೊಟ್ಟಿಗೆಗೆ ಹೋದೆ. ಅವರು ಒಂದು ಕುರಿಯ ಗೊರಸು ಕತ್ತರಿಸುತ್ತಿದ್ದರು. ನಾನು ಹೋಗಿ ನೋಡಿರಲಿಲ್ಲ, ಬೆಳಿಗ್ಗೆ ಹೇಳಿದ್ದು ಸುಳ್ಳು ಎಂದೆ.

"ಗೊತ್ತಿತ್ತು" ಎಂದರು, ತಲೆ ಎತ್ತದೆ. "ಗೇಟಿನ ದಾರ ನಾನು ಮೊನ್ನೆ ಕಟ್ಟಿದ ಹಾಗೆಯೇ ಇತ್ತು. ಆ ಗಂಟು ತೀರಿಕೊಂಡ ನನ್ನ ಗಂಡ ಕಲಿಸಿದ್ದು, ಬೇರೆ ಯಾರಿಗೂ ಹಾಕಲು ಬರುವುದಿಲ್ಲ. ನೀವು ಗೇಟು ಹತ್ತಿ ಹಾರಿದಿರಿ ಎಂದು ಒಂದು ಕ್ಷಣ ನಂಬಲು ನೋಡಿದೆ. ಆಗಲಿಲ್ಲ."

ಹೆಬ್ಬೆರಳಿನ ವಿಷಯವನ್ನೂ ಹೇಳಿದೆ. ಅದಕ್ಕೆ ಅವರು ಕತ್ತರಿ ಕೆಳಗಿಟ್ಟರು. ಸುಳ್ಳು ಹೇಳಿ ಲೈಸೆನ್ಸ್ ಪಡೆಯುವುದು ಅಪರಾಧ, ನನ್ನ ಪರ ಮಾತು ಕೊಟ್ಟವರು ತಾವು ಎಂದು ನೆನಪಿಸಿದರು. ಅವರ ಮಾತಿಗೆ ಬೆಲೆ ಹೋದರೆ ಸುತ್ತಲಿನ ಯಾವ ಫಾರ್ಮಿನವರಿಗೂ ಅವರು ಮುಖ ತೋರಿಸುವ ಹಾಗಿರಲಿಲ್ಲ. ನಾನೇ ಪೊಲೀಸರಿಗೆ ಹೇಳುತ್ತೇನೆ ಎಂದೆ. ಹೇಳುವ ತನಕ ದಿಬ್ಬಕ್ಕೆ ಬರಬೇಡಿ ಎಂದರು.

ಮರುದಿನ ಅಧಿಕಾರಿಗೆ ಫೋನು ಮಾಡಿದೆ. ಹೆಬ್ಬೆರಳು ನೋಯುವುದಿಲ್ಲ, ಯಾವತ್ತೂ ನೋಯುತ್ತಿರಲಿಲ್ಲ ಎಂದೆ. ಅವರು ಲೈಸೆನ್ಸಿನ ನಂಬರು ಕೇಳಿಕೊಂಡು, ಇದನ್ನೆಲ್ಲ ಬರೆದು ಸಹಿ ಮಾಡಿ ಕಳಿಸಿ, ಅಲ್ಲಿಯವರೆಗೆ ರೈಫಲ್ ಅಂಗಡಿಯವರ ಹತ್ತಿರ ಇಡಿ ಎಂದರು. ಮೂರು ಪುಟ ಬರೆದೆ. ಸತ್ತದ್ದನ್ನು ಮುಟ್ಟಲು ಅಂಜಿ ಈ ರೈಫಲ್ ಆರಿಸಿದೆ ಎಂದೇ ಬರೆದೆ. ಅದರ ಬದಲು ಬೋಲ್ಟ್ ರೈಫಲ್ಲಿಗೆ ಅನುಮತಿ ಕೊಡಿ, ಕೊಡದಿದ್ದರೂ ನ್ಯಾಯವೇ ಎಂದೂ ಬರೆದೆ. ಕುರಿಯವ್ವನಿಗೂ ಇದೇ ಸುಳ್ಳು ಹೇಳಿದ್ದೆ ಎಂಬ ಸಾಲಿನ ಕೆಳಗೆ ಗೆರೆ ಎಳೆದೆ. ಹೆಂಡತಿ ಓದಿಸಿ ಕೇಳಿ, ಅಧಿಕಾರಿಯ ಮುಂದೆ ಮುಖ ಹಿಂಡಿದ್ದನ್ನೂ ಸೇರಿಸಿರಿ ಎಂದಳು. ಸೇರಿಸಿದೆ.

ಆ ಬೇಸಿಗೆಯ ಮೆಂತ್ಯವೆಲ್ಲ ಮೊಲಗಳ ಪಾಲಾಯಿತು. ಶನಿವಾರ ಬಂದವರು ಪುಂಡಿಪಲ್ಲೆ ಮಾತ್ರ ಒಯ್ದರು. ಜಗಲಿಯ ಕೆಳಗೆ ಖಾಲಿ ಪೆಟ್ಟಿಗೆ ನಿಂತಿತ್ತು. ನನ್ನ ಹೆಂಡತಿ ಊದುಬತ್ತಿ ಹಚ್ಚುವಾಗ ಅದರ ಮೇಲೂ ಒಂದು ಸಲ ಕೈಯಾಡಿಸುತ್ತಿದ್ದಳು, ಹಾಸ್ಯಕ್ಕೋ ನಿಜಕ್ಕೋ ನಾನು ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ ಅಧಿಕಾರಿ ಮತ್ತೆ ಬಂದರು, ಮತ್ತೆ ಬೂಟು ಬಿಚ್ಚಿದರು. ಮೇಲಿನವರ ಎಚ್ಚರಿಕೆಯ ಪತ್ರ ಕೈಗೆ ಕೊಟ್ಟರು. ಇನ್ನೊಂದು ತಪ್ಪಿಗೆ ಲೈಸೆನ್ಸ್ ಹೋಗುತ್ತದೆ ಎಂದಿತ್ತು. ಅದರ ಜೊತೆಗೆ ಬದಲಾವಣೆಯ ಅನುಮತಿಯೂ ಇತ್ತು. ಈ ಕೆಲಸದಲ್ಲಿ ಇಷ್ಟು ವರ್ಷದಲ್ಲಿ ಜನ ನೋವು ಮುಚ್ಚಿಟ್ಟದ್ದನ್ನು ಕಂಡಿದ್ದೇನೆ, ಇಲ್ಲದ ನೋವನ್ನು ಹಿಂತೆಗೆದುಕೊಂಡವರನ್ನು ಕಂಡಿಲ್ಲ ಎಂದು ಅವರು ಹೇಳಿದರು. ಹೊಗಳಿದರೋ ಚುಚ್ಚಿದರೋ ತಿಳಿಯಲಿಲ್ಲ.

ಬೋಲ್ಟ್ ರೈಫಲ್ ಬಂದ ವಾರ, ಒಂದು ಸಂಜೆ ಒಂದೇ ಮೊಲಕ್ಕೆ ಗುರಿ ಹಿಡಿದೆ. ಉಳಿದವು ಪಕ್ಕದಲ್ಲೇ ಮೇಯುತ್ತಿದ್ದವು. ಎಳೆದೆ. ಬಿತ್ತು. ಹಿಡಿ ಎತ್ತಿ, ಹಿಂದೆಳೆದು, ಖಾಲಿ ತೋಟಾ ಅಂಗೈಗೆ ತೆಗೆದುಕೊಂಡೆ. ಮುಂದಕ್ಕೆ ತಳ್ಳಲಿಲ್ಲ. ಉಳಿದ ತೋಟಾಗಳಿದ್ದ ಮ್ಯಾಗಜೀನ್ ತೆಗೆದು ಜೇಬಿಗಿಟ್ಟು ನಡೆದೆ.

ಗೇಟಿನ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ನೀಲಿ ಪ್ಲಾಸ್ಟಿಕ್ ದಾರ, ಕುರಿಯವ್ವನ ಗಂಡ ಅವರಿಗೆ ಕಲಿಸಿಹೋದ ಗಂಟು. ಹೆಬ್ಬೆರಳಿನ ಉಗುರು ಅದರೊಳಗೆ ತೂರಿಸಿ ಸಡಿಲಿಸಿದೆ. ದಿಬ್ಬದ ಹತ್ತಿರ ಮೊಲ ಮಗ್ಗುಲಾಗಿ ಮಲಗಿತ್ತು. ಹುಲ್ಲಿನ ಎಳೆ ಕಣ್ಣಿಗೆ ಮುಟ್ಟಿಸಿದೆ. ಅಲುಗಲಿಲ್ಲ. ಹಿಂಗಾಲು ಹಿಡಿದೆತ್ತಿದೆ. ಇಷ್ಟು ಬಿಸಿ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಬಿಸಿಲಿಗಿಟ್ಟ ಹಿಟ್ಟಿನ ಚೀಲದ ಹಾಗೆ ಬೆಚ್ಚಗೆ, ಕಂಡದ್ದಕ್ಕಿಂತ ಭಾರ. ಬಿಡಬೇಕೆನಿಸಿತು, ಬಿಡಲಿಲ್ಲ. ಕುರಿಯವ್ವ ಬರುವ ದಾರಿಯ ಕಲ್ಲಿನ ಮೇಲೆ ಅದನ್ನು ಮಲಗಿಸಿ ಹಿಂದಿರುಗಿದೆ.

ಗೇಟಿನಲ್ಲಿ ಅವರ ಗಂಟು ನನಗೆ ಬರಲಿಲ್ಲ. ನಮ್ಮ ಊರಲ್ಲಿ ಎತ್ತು ಕಟ್ಟುವ ಹಗ್ಗಕ್ಕೆ ಹಾಕುವ ಗಂಟು ಹಾಕಿದೆ. ಮನೆಗೆ ಬಂದಾಗ ಹೊರಗಿನ ನಲ್ಲಿಯ ಹತ್ತಿರ ಒಂದು ಹೊಸ ಸಾಬೂನು, ಒಂದು ಟವೆಲ್ಲು ಇದ್ದವು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಬೆಳಿಗ್ಗೆ ಏಳಕ್ಕೆ ಕುರಿಯವ್ವ ಬಕೆಟ್ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು. ಹೋಗಿ ನೋಡಿದಿರಾ ಎಂದು ಕೇಳಲಿಲ್ಲ. ಆ ಗಂಟನ್ನು ಬಿಚ್ಚುವುದು ಹೇಗೆ ಎಂದು ಕೇಳಿದರು.